ಸೋಗಿನ ಅರ್ಥ ಕೇಳಿ

ಜೂನ್ ೩, ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ನೀರು ತುಂಬಿಸಿ, ನೆಲ ಒರೆಸಿ, ದೇವರ ಮುಂದೆ ದೀಪ ಹಚ್ಚಿ, ನಿನ್ನ ಭಾವನಿಗೆ ತಿಂಡಿ ಮಾಡಿಟ್ಟು, ಒಗೆದ ಬಟ್ಟೆಯನ್ನೆಲ್ಲ ಹಗ್ಗಕ್ಕೆ ಹಾಕಿ ಈಗ ಕೂತಿದ್ದೇನೆ. ಉಪವಾಸದ ದಿನ ಒಬ್ಬರಿಗಷ್ಟೇ ಅಡುಗೆ, ಹಾಗಾಗಿ ಕೈ ಬಿಡುವಾಗಿರುತ್ತದೆ. ನಿನಗೆ ಬರೆಯಲು ನನಗೆ ಸಿಗುವ ಹೊತ್ತು ಇದೇ. ನೀನು ಬರೆದು ಎಷ್ಟು ಕಾಲವಾಯಿತು, ನೆನಪಿದೆಯಾ? ಹೋದ ಸಲ ನೀನು ಬಂದಾಗ ಕಣ್ಣು ಉಜ್ಜಿಕೊಳ್ಳುತ್ತಲೇ ಇದ್ದೆ. ಲೋಟಕ್ಕೆ ನೀರು ಬಗ್ಗಿಸಲು ಹೋಗಿ ಮೇಜಿಗೆ ಬಗ್ಗಿಸಿದೆ. ಊರಿಗೆ ಹೋದ ತಕ್ಷಣ ಡಾಕ್ಟರಿಗೆ ತೋರಿಸುತ್ತೇನೆ ಅಂದಿದ್ದೆ. ತೋರಿಸಿದೆಯಾ? ಮೊದಲು ಇದಕ್ಕೆ ಉತ್ತರ ಬರೆ. ಮಿಕ್ಕಿದ್ದು ಆಮೇಲೆ.

ಮಿಕ್ಕಿದ್ದು ಏನೆಂದರೆ, ನಾನು ಕೆಲಸಕ್ಕೆ ಸೇರಿದ್ದೇನೆ. ಐವತ್ತಕ್ಕೆ ಬಂದ ಮೇಲೆ ಇವಳಿಗೇನು ಬಂತು ಅಂತ ನಗಬೇಡ. ಇಲ್ಲಿ ಡಾಕ್ಟರು, ನರ್ಸುಗಳನ್ನು ತಯಾರು ಮಾಡುವ ಕಾಲೇಜೊಂದಿದೆ. ನಿನ್ನ ಭಾವ ಅಲ್ಲಿನ ಬೀರುಗಳಿಗೆ ಬೀಗ ಕೂರಿಸಲು ಹೋಗಿದ್ದರು, ಮರೆತುಹೋದ ಚೀಲ ಕೊಡಲು ನಾನು ಹೋಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಅಲ್ಲಿನ ಮೇಡಂ ಅತ್ತಿಂದಿತ್ತ ಓಡಾಡುತ್ತ ನನ್ನನ್ನೇ ನೋಡಿದರು. ಕೊನೆಗೆ ಹತ್ತಿರ ಬಂದು, ನೀವು ಕಾಯ್ತಾ ಕೂತರೆ ನಿಜವಾಗಿ ಕಾಯ್ತಿರೋರ ಹಾಗೆ ಕಾಣುತ್ತೆ, ನಮ್ಮಲ್ಲಿ ಕೆಲಸ ಮಾಡ್ತೀರಾ ಅಂದರು. ನಾನು ನಿಜವಾಗಿಯೇ ಕಾಯುತ್ತಿದ್ದೆನಲ್ಲ, ಬೇರೆ ಹೇಗೆ ಕಾಣಬೇಕಿತ್ತು?

ಕೆಲಸ ಇಷ್ಟೇ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಅದನ್ನು ಮನೆಯವರಿಗೆ ಹೇಳುವುದು ಹೇಗೆ ಅನ್ನುವುದಕ್ಕೂ ಅಲ್ಲಿ ಒಂದು ಪಾಠವಿದೆ. ಒಂದು ಚಿಕ್ಕ ಕೋಣೆ, ಎರಡು ಕುರ್ಚಿ, ಮೇಜಿನ ಮೇಲೆ ಒಂದು ಲೋಟ ನೀರು. ನಾನು ಗಂಡನನ್ನು ಒಳಗೆ ಆಪರೇಷನ್ನಿಗೆ ಬಿಟ್ಟು ಬಂದ ಹೆಂಗಸು. ಕಲಿಯುವ ಮಕ್ಕಳು ಒಬ್ಬೊಬ್ಬರಾಗಿ ಬಂದು ಆತ ಉಳಿಯಲಿಲ್ಲ ಅಂತ ನನಗೆ ಹೇಳಬೇಕು. ನಾನು ಅಳು ಬಂದರೆ ಅಳಬಹುದು, ಬರದಿದ್ದರೆ ಸುಮ್ಮನೆ ಕೂರಬಹುದು. ಬೈದರೂ ಸರಿಯೇ ಅಂದಿದ್ದಾರೆ ಮೇಡಂ, ಬೈಯುವ ಮನೆಯವರೂ ಇರುತ್ತಾರಂತೆ.

ಸೋಮವಾರ ಮಾತ್ರ ಬರುವುದಿಲ್ಲ ಅಂತ ಮೊದಲೇ ಹೇಳಿದೆ. ಉಪವಾಸದ ದಿನ ಸುಳ್ಳು ನುಡಿಯಬಾರದೆಂದು ದೇವರ ಮುಂದೆ ಒಪ್ಪಿಕೊಂಡವಳು ನಾನು, ನಿನಗೆ ಗೊತ್ತು.

ಈಗ ನನ್ನ ಸಂಕಟ ಕೇಳು. ಮೊನ್ನೆ ನನ್ನ ನಾದಿನಿ ಬಂದಿದ್ದಳು. ವಿಷಯ ಕೇಳಿ, ಮುತ್ತೈದೆಯಾಗಿ ಗಂಡ ಸತ್ತ ಅಂತ ಅಳೋಕೆ ಹೋಗ್ತೀಯಲ್ಲ, ನಾಚಿಕೆ ಇಲ್ವಾ, ಸೋಗಲಾಡಿ ಅಂದಳು. ಪಕ್ಕದ ಮನೆಯವರು ಕೇಳುವ ಹಾಗೆ ಅಂದಳು. ನಿನ್ನ ಭಾವ ಊಟದಿಂದ ತಲೆಯೆತ್ತದೆ ಹೇಳಿದರು:

"ದಿನಾ ನಾಲ್ಕೈದು ಸಲ ಸಾಯಿಸ್ತಾಳೆ, ನಿಜ. ಆದ್ರೆ ಊಟದ ಹೊತ್ತಿಗೆ ಒಂದು ದಿನಾನೂ ತಪ್ಪದೆ ಎಬ್ಬಿಸ್ತಾಳಲ್ಲ."

ಅವರಿಗೆ ತಮಾಷೆ. ನನಗೆ ಆ ಮಾತು ಮುಳ್ಳಿನ ಹಾಗೆ ಕೂತಿದೆ. ದೇವರ ಮುಂದೆ ನಿಂತಾಗಲೂ ಅದೇ ಕಿವಿಯಲ್ಲಿ. ನೀನು ನಿಘಂಟು ಬರೆಯುವ ಕಚೇರಿಯಲ್ಲಿ ಕೂತಿದ್ದೀಯ. ಸೋಗು ಅಂದರೆ ನಿಜವಾಗಿ ಏನು, ಅದು ಎಲ್ಲಿಂದ ಬಂತು, ಬುಡದಿಂದಲೇ ಕೆಟ್ಟ ಮಾತೋ ಅಥವಾ ಬಾಯಿಂದ ಬಾಯಿಗೆ ಬಂದು ಕೆಟ್ಟಿತೋ, ಬರೆದು ತಿಳಿಸು. ಬುಡವೇ ಕೆಟ್ಟದ್ದಾದರೆ ಕೆಲಸ ಬಿಟ್ಟುಬಿಡುತ್ತೇನೆ. ನೀನು ಹೇಗೆ ಹೇಳಿದರೆ ಹಾಗೆ.

ಕಣ್ಣಿನ ವಿಷಯ ಮರೆಯಬೇಡ.

ನಿನ್ನ ಅಕ್ಕ


ಜೂನ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಈ ಸಲ ಟೈಪ್ ಮಾಡಿಸಿ ಕಳಿಸುತ್ತಿದ್ದೇನೆ, ಬೇಸರಪಡಬೇಡ. ನಮ್ಮ ಕಚೇರಿಯಲ್ಲಿ ಈಗ ಸ ಅಕ್ಷರದ ಸಂಪುಟ ನಡೆದಿದೆ, ಕೈ ಬಿಡುವಿಲ್ಲ. ಟೈಪಿಸ್ಟ್ ಅಮ್ಮ ಇಲ್ಲಿ ನನಗಿಂತ ಹಳಬರು. ಹೇಳಿದ್ದರಲ್ಲಿ ಒಂದಕ್ಷರ ಬಿಡದವರೆಂದು ಹೆಸರಾದವರು. ನಾನು ಹೇಳುತ್ತಾ ಹೋಗುತ್ತೇನೆ, ಅವರು ಹೊಡೆಯುತ್ತಾ ಹೋಗುತ್ತಾರೆ.

ಸರಿಯಾದ ಹೊತ್ತಿಗೇ ಕೇಳಿದೆ. ಸೋಗು ಎಂಬ ಮಾತು ಈಗ ನನ್ನ ಮೇಜಿನ ಮೇಲೆಯೇ ಇದೆ. ಅರ್ಥವೇನೋ ಎಲ್ಲರಿಗೂ ಗೊತ್ತಿರುವುದೇ. ವೇಷ, ನಟನೆ, ಇಲ್ಲದ್ದನ್ನು ಇದ್ದ ಹಾಗೆ ತೋರಿಸುವುದು. ಹುಟ್ಟು ಕೇಳಿದರೆ ಜಗಳ. ನೆರೆಯ ಭಾಷೆಗಳಲ್ಲಿ ಸೋಂಗ, ಸ್ವಾಂಗ ಎಂಬ ಮಾತುಗಳು ಇದೇ ಅರ್ಥದಲ್ಲಿವೆ. ಅವುಗಳ ಹಿಂದೆ ಸಂಸ್ಕೃತದ ಸ್ವಾಂಗವಿದೆ ಎಂದು ಕೆಲವರ ಊಹೆ. ಸ್ವ ಎಂದರೆ ತನ್ನದು, ಅಂಗ ಎಂದರೆ ಮೈ. ಹಾಗಾದರೆ ವೇಷಕ್ಕೆ ಇಟ್ಟ ಹೆಸರಿನ ಬುಡದಲ್ಲಿ ತನ್ನದೇ ಮೈ ಇದೆ ಎಂದಾಯಿತು. ಎರವಲು ಮುಖ ಹಾಕಿಕೊಂಡರೂ ಒಳಗೆ ಬೆವರುವ ಮೈ ತನ್ನದೇ ತಾನೆ? ಆದರೆ ಇದು ಊಹೆ, ಇದೇ ಸರಿ ಎಂದು ಸಹಿ ಹಾಕಲು ನನಗೆ ಧೈರ್ಯವಿಲ್ಲ. ಇನ್ನು ಕೆಲವರು ಸೊಗಸಿನ ಪಕ್ಕದಲ್ಲಿ ಕೂರಿಸುತ್ತಾರೆ. ಕಿವಿಗೆ ಹತ್ತಿರ ಎನ್ನುವುದು ಬಿಟ್ಟರೆ ಅದಕ್ಕೆ ಆಧಾರ ನನಗೆ ಸಿಕ್ಕಿಲ್ಲ. ವೇಷ ಎನ್ನುವುದೂ ಮೊದಲಿಗೆ ಬರೀ ಉಡುಪು. ಮೋಸದ ವಾಸನೆ ಆಮೇಲೆ ಹತ್ತಿದ್ದು. ಆದ್ದರಿಂದ ನಿನ್ನ ನಾದಿನಿ ಅಂದದ್ದಕ್ಕೆ ಬುಡದಿಂದ ಬೆಂಬಲವಿಲ್ಲ. ಕೆಲಸ ಬಿಡುವ ಅವಸರ ಬೇಡ.

ಕಣ್ಣು ಚೆನ್ನಾಗಿದೆ. ಡಾಕ್ಟರು ಹನಿ ಕೊಟ್ಟಿದ್ದಾರೆ, ಹಾಕಿಕೊಳ್ಳುತ್ತಿದ್ದೇನೆ ಪೂರ್ಣವಿರಾಮ ಇದನ್ನು ಹೊಡೆಯಬೇಡಿ ಅಮ್ಮ ಸ್ವಲ್ಪ ತಡೆಯಿರಿ ಎಡಗಣ್ಣು ಪೂರ್ತಿ ಹೋಯಿತು ಅಂತ ಅಕ್ಕನಿಗೆ ಗೊತ್ತಾದರೆ ನಾಳೆಯೇ ಗಂಟು ಕಟ್ಟಿಕೊಂಡು ಬಂದುಬಿಡುತ್ತಾಳೆ ಬಲಗಣ್ಣಿನ ಆಪರೇಷನ್ ಮಾತಂತೂ ಬೇಡವೇ ಬೇಡ ಅದನ್ನು ಆಮೇಲೆ ನೋಡಿಕೊಂಡರಾಯಿತು ಏನು ಬರೆಯಲಿ ಹಾಂ ಈಗ ಹೊಡೆಯಿರಿ ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಈ ವರ್ಷ ಬರಲು ಆಗುತ್ತದೋ ಇಲ್ಲವೋ, ನೋಡಬೇಕು.

ನಿನ್ನ ತಮ್ಮ


ಜೂನ್ ೨೫, ಮಂಗಳವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನೆಯೇ ಬರೆಯಬೇಕೆಂದು ಕೂತೆ. ಉಪವಾಸದ ದಿನ ಕೈ ಓಡಲಿಲ್ಲ. ಇವತ್ತು ಹೊಟ್ಟೆಗೆ ಹಾಕಿಕೊಂಡು ಬರೆಯುತ್ತಿದ್ದೇನೆ.

ಕಣ್ಣು ಚೆನ್ನಾಗಿದೆ ಅಂತ ಬರೆದಿದ್ದೀಯ, ಸಂತೋಷ. ಹನಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಕೋ. ಟೈಪಿಸ್ಟ್ ಅಮ್ಮನವರಿಗೆ ನನ್ನ ನಮಸ್ಕಾರ ಹೇಳು. ನೀನು ಹೇಳಿದ ಹಾಗೆಯೇ ಇದ್ದಾರೆ, ಒಂದಕ್ಷರವನ್ನೂ ಬಿಟ್ಟಿಲ್ಲ.

ಸೋಗಿನ ಬುಡದಲ್ಲಿ ತನ್ನದೇ ಮೈ ಇರಬಹುದು ಅಂದೆಯಲ್ಲ, ಅದನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ನಾದಿನಿಗೂ ಹೇಳಿದೆ. ಅವಳು ನಿಘಂಟಿನವರಿಗೇನು ಗೊತ್ತು ಸಂಸಾರ ಅಂದಳು. ನೀನು ಮದುವೆಯಾಗದ್ದಕ್ಕೆ ಅವಳಿಗೆ ಈಗಲೂ ಸಿಟ್ಟಿದೆ.

ಕೆಲಸ ನಡೆದಿದೆ. ಈ ಮಕ್ಕಳನ್ನು ನೋಡಿದರೆ ನಗುವೂ ಬರುತ್ತದೆ, ಪಾಪವೂ ಅನ್ನಿಸುತ್ತದೆ. ಒಬ್ಬ ಬಂದು ಕೋಣೆಯ ಫ್ಯಾನು ಎಷ್ಟು ಸದ್ದು ಮಾಡುತ್ತದೆ ಅನ್ನುವುದನ್ನೇ ಹೇಳುತ್ತ ಕೂತ. ಇನ್ನೊಬ್ಬಳು ನೀರಿನ ಲೋಟವನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸಿದಳು, ಆ ತುದಿಯಿಂದ ಈ ತುದಿಗೆ ತಂದಳು, ಕೊನೆಗೆ ತಾನೇ ಕುಡಿದಳು. ಮತ್ತೊಬ್ಬ, ನಿಮ್ಮ ಯಜಮಾನರು ಚಿಕಿತ್ಸೆಗೆ ಸ್ಪಂದಿಸಲಿಲ್ಲ ಅಂದ. ನನಗೆ ಆ ಮಾತು ಅರ್ಥವಾಗಲಿಲ್ಲ. ಹಾಗಾದ್ರೆ ಯಾವಾಗ ಸ್ಪಂದಿಸ್ತಾರಪ್ಪ ಅಂತ ಕೇಳಿದೆ. ನೋಡಿ ಕಲಿಯಲು ಕೋಣೆಯ ಗಾಜಿನ ಆಚೆ ಕೂತಿದ್ದವರೆಲ್ಲ ನಕ್ಕರು. ಅವನು ಮಾತ್ರ ಅತ್ತುಬಿಟ್ಟ.

ಒಬ್ಬಳು ಹುಡುಗಿ ಇದ್ದಾಳೆ, ಎಲ್ಲರೂ ಅವಳನ್ನು ಗಡಿಬಿಡಿ ಅನ್ನುತ್ತಾರೆ. ಬಾಗಿಲಲ್ಲೇ ನಿಂತು, ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಆಮೇಲೆ ಬರ್ತೀನಿ ಅಂತ ಹೋಗಿಬಿಡುತ್ತಾಳೆ. ಪಾಠ ಶುರುವಾದಾಗಿನಿಂದ ಹೀಗೇ.

ನನಗೆ ಮೇಡಂ ಹಾಕಿಕೊಟ್ಟ ನಿಯಮ ಒಂದೇ. ಅವರು ಬಾಯಿಬಿಟ್ಟು ಹೇಳುವವರೆಗೆ ನನಗೆ ಏನೂ ಗೊತ್ತಿಲ್ಲ. ಮುಖ ನೋಡಿದ ಕೂಡಲೇ ಗೊತ್ತಾದರೂ ಗೊತ್ತಿಲ್ಲ. ನಾನೇ ಊಹಿಸಿ ಮುಂದಾಗಿ ಹೇಳಿಬಿಟ್ಟರೆ ಅವರು ಕಲಿಯುವುದಿಲ್ಲವಂತೆ. ಹಾಗಾಗಿ ನಾನು ಕಾಯುತ್ತೇನೆ. ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ. ಅದೇ ನನ್ನ ಕೆಲಸ.

ಬೇರೆ ಏನಾದರೂ ವಿಷಯ ಇದೆಯಾ ತಮ್ಮ? ಇದ್ದರೆ ಬರೆ. ದೊಡ್ಡದೋ ಚಿಕ್ಕದೋ, ಇದ್ದರೆ ಬರೆ.

ಈ ಸಲ ಅಕ್ಷರ ದೊಡ್ಡದಾಗಿ ಬಂದಿದೆ. ಪೆನ್ನು ಹೊಸದು.

ನಿನ್ನ ಅಕ್ಕ


ಜುಲೈ ೫, ಶುಕ್ರವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಕಿಟಕಿಯ ಬಳಿ ಕೂತು ಎರಡು ಸಲ ಓದಿದೆ. ನಿನ್ನ ಅಕ್ಷರ ಇನ್ನೂ ಹಾಗೇ ಇದೆ ನೋಡು, ಇರುವೆ ಸಾಲು. ಸ್ವಲ್ಪ ದೊಡ್ಡದಾಗಿ ಬರೆದರೆ ಕಾಗದವೇನು ಮುಗಿದುಹೋಗುತ್ತದೆಯೇ?

ಕಿಟಕಿಯಾಚೆಯ ಮರ ಈ ಸಲ ಮೈತುಂಬ ಹೂ ಬಿಟ್ಟಿದೆ. ಹಳದಿ ಹೂ. ಬೆಳಿಗ್ಗೆ ಬಿಸಿಲು ಬಿದ್ದಾಗ ನಮ್ಮ ಮೇಜಿನವರೆಗೂ ಹಳದಿ ನೆರಳು. ಸಂಜೆ ಮಹಡಿಯಿಂದ ಚಂದ್ರ ಏಳುವುದನ್ನು ನೋಡುತ್ತಾ ನಿಂತರೆ ಊಟ ನೆನಪಾಗುವುದಿಲ್ಲ.

ಸೋಗಿನ ವಿಷಯದಲ್ಲಿ ನನಗೂ ನಮ್ಮ ದೊಡ್ಡವರಿಗೂ ವಾದ ನಡೆದಿದೆ. ದೊಡ್ಡವರೆಂದರೆ ನಮ್ಮ ಪ್ರಧಾನ ಸಂಪಾದಕರು. ಅವರು ಕಪಟ ಎಂದು ಒಂದೇ ಅರ್ಥ ಕೊಟ್ಟು ಮುಗಿಸಿ ಎನ್ನುತ್ತಾರೆ. ನಾನು ಒಪ್ಪುತ್ತಿಲ್ಲ. ಸುಳ್ಳಿಗೆ ಮಾತು ಸಾಕು. ಸೋಗಿಗೆ ನಡೆ, ನಿಲುವು, ಉಸಿರಾಟ ಎಲ್ಲವೂ ಬೇಕು. ಎದ್ದು ನಡೆಯುವಾಗ ಎಲ್ಲಿ ಕಾಲಿಡಬೇಕು, ಯಾವ ಕಡೆ ಮುಖ ತಿರುಗಿಸಿ ನಗಬೇಕು, ಎಲ್ಲವನ್ನೂ ಲೆಕ್ಕ ಹಾಕುತ್ತಲೇ ಇರಬೇಕು. ಇಷ್ಟು ದುಡಿಮೆ ಇರುವುದನ್ನು ಬರೀ ಕಪಟ ಎಂದು ತಳ್ಳಿಹಾಕುವುದು ಸರಿಯೇ? ಆ ಒಂದು ನಮೂದಿಗೇ ಮೂರು ವಾರವಾಯಿತು.

ನೀನು ಕೆಲಸ ಬಿಡುವ ಯೋಚನೆಯಲ್ಲಿದ್ದೀಯ ಎಂದು ಕಾಗದದಿಂದ ಅನ್ನಿಸಿತು. ಏನೋ ಭಾರ ಇಟ್ಟುಕೊಂಡು ಬರೆದ ಹಾಗಿತ್ತು. ಬಿಡಬೇಡ ಅಕ್ಕ. ಆ ಮಕ್ಕಳಿಗೆ ನಿನ್ನಂಥವರು ಬೇಕು. ಎದುರಿಗಿದ್ದವರು ತಾಳ್ಮೆಯಿಂದ ಕೂತಿದ್ದರೆ ತಾನೆ ಹೇಳುವವರಿಗೆ ಬಾಯಿ ಬರುವುದು?

ನನ್ನ ಕಡೆ ವಿಶೇಷವೇನಿಲ್ಲ. ಎಲ್ಲ ಸರಿಯಾಗಿದೆ.

ನಿನ್ನ ತಮ್ಮ


ಜುಲೈ ೮, ಸೋಮವಾರ

ಮಾನ್ಯರೇ,

ನಾನು ನಿಮ್ಮ ತಮ್ಮನವರ ಕಚೇರಿಯ ಟೈಪಿಸ್ಟ್. ಕೆಲಸಕ್ಕೆ ಸೇರಿದ ದಿನ ನನಗೆ ಹೇಳಿದ್ದು ಒಂದೇ ಮಾತು, ಕೇಳಿದ್ದನ್ನು ಕೇಳಿದ ಹಾಗೆ ಹೊಡೆಯಬೇಕು, ಅರ್ಥದ ಗೋಜಿಗೆ ಹೋಗಬಾರದು. ಹಳೆಯ ಗ್ರಂಥಗಳ ಸಾಲುಗಳನ್ನು ಹೊಡೆಯುವವರು ಅರ್ಥ ನೋಡಲು ಹೋದರೆ ತಿದ್ದಿಬಿಡುತ್ತಾರೆ. ನಾನು ಈವರೆಗೆ ಅರ್ಥ ನೋಡಿದವಳಲ್ಲ. ಬೆರಳುಗಳು ಅವರ ದನಿಯ ಹಿಂದೆ ಹೋಗುತ್ತವೆ, ಮನಸ್ಸು ಬೇರೆಲ್ಲೋ ಇರುತ್ತದೆ.

ಜೂನ್ ತಿಂಗಳ ಪತ್ರದ ಕಾರ್ಬನ್ ಪ್ರತಿಯನ್ನು ಕಡತಕ್ಕೆ ಸೇರಿಸುವಾಗ ಮೊನ್ನೆ ಕಣ್ಣಿಗೆ ಬಿತ್ತು, ಹೊಡೆಯಬೇಡಿ ಎಂದದ್ದನ್ನೂ ಹೊಡೆದಿದ್ದೇನೆ. ಅದು ನಿಮಗೆ ತಲುಪಿದೆ. ನೀವು ಓದಿದ್ದೀರಿ. ಓದಿಯೂ ಓದದವರ ಹಾಗೆ ಬರೆದಿದ್ದೀರಿ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದವಳು ನಾನೇ. ಅಕ್ಷರ ದೊಡ್ಡದಾಗಿ ಬಂದಿದೆ ಎನ್ನುವ ಸಾಲು ಪತ್ರದ ಕೊನೆಯಲ್ಲಿತ್ತು. ಅಷ್ಟರಲ್ಲಿ ದೊಡ್ಡವರು ಕರೆದರೆಂದು ಎದ್ದು ಹೋದೆ, ಓದುವುದು ತಪ್ಪಿತು. ಅವರು ಇರುವೆ ಸಾಲು ಎಂದರು. ನಾನು ಹೊಡೆದೆ.

ಕಿಟಕಿಯಾಚೆ ಮರವಿಲ್ಲ. ಅದನ್ನು ಹೋದ ವರ್ಷವೇ ಕಡಿದರು. ಹೂ ಬಿಟ್ಟಿದೆ ಎಂದದ್ದನ್ನೂ ಹೊಡೆದೆ.

ಬಲಗಣ್ಣಿನ ಆಪರೇಷನ್ ಈ ತಿಂಗಳು ಮುಗಿಯುವುದರೊಳಗೆ ಆಗಬೇಕು ಎಂದು ಡಾಕ್ಟರು ಹೇಳಿದ್ದಾರೆ. ತಡಮಾಡಿದರೆ ಅದೂ ಎಡಗಣ್ಣಿನ ಹಾದಿ ಹಿಡಿಯುತ್ತದೆ. ಆಸ್ಪತ್ರೆಯವರು ದಿನ ಗೊತ್ತುಮಾಡಿ ಹೇಳಿಕಳಿಸಿದರು, ಇವರು ಕೆಲಸವಿದೆ ಎಂದು ಹಿಂದೆ ಕಳಿಸಿದರು. ಸ ಸಂಪುಟ ಮುಗಿಯಲಿ ಎನ್ನುತ್ತಾರೆ. ಅದು ಮುಗಿಯಲು ಇನ್ನೂ ಎರಡು ವರ್ಷ ಬೇಕೆಂದು ಇಲ್ಲಿ ಎಲ್ಲರಿಗೂ ಗೊತ್ತಿದೆ.

ಇದನ್ನೆಲ್ಲ ತಿಳಿಸುವುದು ನನ್ನ ಕೆಲಸವಲ್ಲ. ಆದರೂ ತಿಳಿಸಿದ್ದೇನೆ.

ಇಂತಿ ವಿಶ್ವಾಸಿ,
ಟೈಪಿಸ್ಟ್


ಜುಲೈ ೧೫, ಸೋಮವಾರ

ತಮ್ಮ,

ನಿನ್ನ ಎಡಗಣ್ಣು ಹೋಗಿದೆ ಅಂತ ನನಗೆ ಗೊತ್ತು. ಬಲಗಣ್ಣೂ ಹೋಗುವುದರಲ್ಲಿದೆ, ಈ ತಿಂಗಳೊಳಗೆ ಆಪರೇಷನ್ ಆಗಬೇಕು, ನೀನು ಮುಂದೆ ಹಾಕುತ್ತಿದ್ದೀಯ ಅಂತಲೂ ಗೊತ್ತು.

ಇವತ್ತು ಉಪವಾಸ. ಅದಕ್ಕೇ ಈ ಕಾಗದವನ್ನು ಇವತ್ತೇ ಬರೆಯುತ್ತಿದ್ದೇನೆ.

ಮೊದಲನೆಯದು ನಿನ್ನ ಕಾಗದದಲ್ಲೇ ಬಂದಿತ್ತು, ನೀನು ಹೊಡೆಯಬೇಡಿ ಅಂದದ್ದು ಹಾಗೇ ಹೊಡೆದು ಬಂದಿತ್ತು. ಎರಡನೆಯದನ್ನು ಈಗ ಇದನ್ನು ಓದಿ ಹೇಳುತ್ತಿರುವ ತಾಯಿಯೇ ಬರೆದು ತಿಳಿಸಿದರು. ಅವರನ್ನು ಒಂದು ಮಾತು ಅನ್ನಬೇಡ. ಅಂದೆಯೋ, ನನ್ನ ಜೊತೆ ಮಾತು ಬಿಟ್ಟ ಹಾಗೆ.

ನಾನು ಸುಮ್ಮನಿದ್ದದ್ದು ಯಾಕೆಂದರೆ, ನೀನೇ ಹೇಳಲಿ ಅಂತ. ಮೇಡಂ ಹಾಕಿಕೊಟ್ಟ ನಿಯಮವನ್ನು ನಿನ್ನ ಮೇಲೂ ಹಾಕಿದೆ. ಬಾಯಿಬಿಟ್ಟು ಹೇಳುವವರೆಗೆ ನನಗೆ ಗೊತ್ತಿಲ್ಲ ಅಂತ ಕೂತೆ. ನಿನ್ನ ಕಣ್ಣಿಗೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದೆ, ಬಲಗಣ್ಣಿನಲ್ಲಿ ಒಂದೆರಡು ಸಾಲಾದರೂ ನೀನೇ ಓದಿಕೊಳ್ಳಲಿ ಅಂತ. ನೀನು ಇಲ್ಲದ ಮರದಲ್ಲಿ ಹೂ ಬಿಡಿಸಿದೆ.

ಮೊನ್ನೆ ಕೋಣೆಗೆ ಗಡಿಬಿಡಿ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಅಮ್ಮಾ, ಕೆಟ್ಟ ಸುದ್ದಿ ಹೇಳ್ಬೇಕಾಗಿದೆ. ನಿಮ್ಮ ಯಜಮಾನ್ರು ತೀರಿಕೊಂಡ್ರು."

ಅಷ್ಟೇ ಹೇಳಿದಳು. ಲೋಟ ಮುಟ್ಟಲಿಲ್ಲ, ಗಡಿಯಾರ ನೋಡಲಿಲ್ಲ. ನನಗೆ ಅಳು ಬರಲಿಲ್ಲ. ನೀನು ಇಲ್ಲೇ ಇರ್ತೀಯಾ ಅಂತ ಕೇಳಿದೆ.

"ಇರ್ತೀನಿ. ಬೇರೆ ಏನ್ ಮಾಡ್ಬೇಕೋ ಗೊತ್ತಿಲ್ಲ. ಇರ್ತೀನಿ."

ಪಾಠ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಕೇಳಿದೆ, ಎಷ್ಟು ಕಾದರೂ ಎದುರಿಗಿದ್ದವರು ಹೇಳದಿದ್ದರೆ ನಾನೇನು ಮಾಡಬೇಕು ಅಂತ. ಅವರು ಆಗ ಪಾಠ ನಿಲ್ಲಿಸ್ತೀವಿ, ನೀವು ಎದ್ದು ಬಂದುಬಿಡಿ ಅಂದರು. ಅದಕ್ಕೆ ನಮ್ಮಿಬ್ಬರ ಈ ಪಾಠದಿಂದ ಎದ್ದು ಬಂದಿದ್ದೇನೆ.

ಸೋಗಿನ ಬಗ್ಗೆ ನನಗೆ ತೋಚಿದ್ದು ಹೇಳುತ್ತೇನೆ, ಬೇಕಾದರೆ ಬರೆದುಕೋ, ಬೇಡವಾದರೆ ಬಿಡು. ಕಾಲೇಜಿನ ಕೋಣೆಯಲ್ಲಿ ಅಳುವವಳಿಗೂ ಗೊತ್ತು, ಹೇಳುವವರಿಗೂ ಗೊತ್ತು, ಗಾಜಿನ ಆಚೆ ಕೂತವರಿಗೂ ಗೊತ್ತು. ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಅದನ್ನು ದೇವರ ಮುಂದೆ ಹೇಳಲು ನನಗೆ ಸಂಕೋಚವಿಲ್ಲ. ನಮ್ಮಿಬ್ಬರ ನಡುವೆ ನಡೆದದ್ದು ಹಾಗಲ್ಲ. ನೀನು ನನ್ನಿಂದ ಬಚ್ಚಿಟ್ಟೆ, ನಾನು ನಿನ್ನಿಂದ ಬಚ್ಚಿಟ್ಟೆ. ಒಂದು ತಿಂಗಳು ದೇವರಿಗೆ ದೀಪ ಹಚ್ಚಿ, ಮುಖವೆತ್ತಿ ನೋಡದೆ ಎದ್ದು ಬರುತ್ತಿದ್ದೆ. ಕಾಲೇಜಿನ ಕೆಲಸ ಬಿಡುವುದಿಲ್ಲ. ಈ ಎರಡನೆಯದನ್ನು ಬಿಟ್ಟೆ.

ಆಪರೇಷನ್ ಮಾಡಿಸಿಕೋ. ನಾನು ಬರುತ್ತೇನೆ.

ಅಕ್ಕ


ಜುಲೈ ೨೦, ಶನಿವಾರ

ಅಕ್ಕ,

ಬರಬೇಡ.

ಟೈಪಿಸ್ಟ್ ಅಮ್ಮ ನಿನ್ನ ಕಾಗದವನ್ನು ಒಂದೇ ದನಿಯಲ್ಲಿ, ತಮ್ಮ ವಿಷಯ ಬಂದಲ್ಲಿಯೂ ತಡವರಿಸದೆ ಓದಿದರು. ಅವರನ್ನು ನಾನು ಏನೂ ಅನ್ನಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿದೆ. ಗೊತ್ತಿದ್ದೂ ಹನಿ ಸರಿಯಾಗಿ ಹಾಕಿಕೋ ಎಂದು ಬರೆದೆಯಲ್ಲ. ನಾನು ಇಲ್ಲಿ ಚಂದ್ರನನ್ನು ಏಳಿಸುತ್ತಿದ್ದಾಗ ನೀನು ಅಲ್ಲಿ ಮರುಕಪಡುತ್ತಾ ಕೂತಿದ್ದೆ. ನಿನ್ನ ಮುಂದೆ ಕೋಡಂಗಿಯ ಹಾಗೆ ಕುಣಿದಂತಾಯಿತು.

ಸ ಸಂಪುಟ ಅರ್ಧಕ್ಕೆ ನಿಂತಿದೆ. ನೀನು ಹೇಳಿದ್ದನ್ನು ದೊಡ್ಡವರಿಗೆ ಹೇಳಿದೆ. ಎಲ್ಲರಿಗೂ ಗೊತ್ತಿರುವ ಸೋಗು ಒಂದು, ಒಬ್ಬರಿಗೆ ಗೊತ್ತಿಲ್ಲದಿರಲಿ ಎಂದು ಹಾಕುವ ಸೋಗು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಅರ್ಥ ಕೊಡೋಣ ಎಂದೆ. ಅವರು ಒಪ್ಪಲಿಲ್ಲ. ಜಾಗ ಸಾಲದು, ತೋರಿಕೆ ಎಂದು ಹಾಕಿ ಮುಂದೆ ಹೋಗಿ ಎಂದರು. ಹಾಕಿದೆ. ಮುಂದಿನ ಮಾತು ಏನೆಂದು ಯಾರಾದರೂ ಓದಿ ಹೇಳಬೇಕು. ಈಗ ಎಲ್ಲವನ್ನೂ ಯಾರಾದರೂ ಓದಿ ಹೇಳಬೇಕು. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಬಂದ ಕಾಗದವನ್ನೆಲ್ಲ ನಿಂತು ಓದಿ ಹೇಳುತ್ತಿದ್ದವನು ನಾನು. ನಿನ್ನ ಮದುವೆಯ ಮಾತುಕತೆಯ ಕಾಗದವನ್ನೂ ನಾನೇ ಓದಿದೆ. ನಿನಗೆ ಓದಲು ಬರುತ್ತಿದ್ದರೂ ನೀನು, ತಮ್ಮ ಓದಲಿ ಎನ್ನುತ್ತಿದ್ದೆ.

ಅಮ್ಮ, ಇದನ್ನು ಹೊಡೆಯಿರಿ. ಬಿಡಬೇಡಿ. ಹೌದು, ಇದನ್ನೇ.

ಅಕ್ಕ, ನನಗೆ ಭಯ. ಈಗ ಬಲಗಣ್ಣಿನಲ್ಲಿ ಬೆಳಕು ಗೊತ್ತಾಗುತ್ತದೆ. ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಎದುರಿಗೆ ಯಾರಾದರೂ ಬಂದು ನಿಂತರೆ ನೆರಳು ಕಾಣುತ್ತದೆ. ಕತ್ತರಿ ಹಾಕಿದ ಮೇಲೆ ಅದೂ ಇಲ್ಲದಿದ್ದರೆ? ಇರುವ ಇಷ್ಟನ್ನು ನನ್ನ ಕೈಯಾರೆ ಕೊಟ್ಟುಬಿಟ್ಟ ಹಾಗಾಗುವುದಿಲ್ಲವೇ? ತಾನಾಗಿ ಹೋದರೆ ಹೋಯಿತು ಎನ್ನಬಹುದು. ನಾನೇ ಒಪ್ಪಿ ಸಹಿ ಹಾಕಿ ಹೋದರೆ ಯಾರಿಗೆ ಹೇಳಲಿ?

ಈ ತಿಂಗಳ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ. ನಾನು ಏನೂ ಹೇಳಿಲ್ಲ.

ನಿನ್ನ ತಮ್ಮ


ಜುಲೈ ೨೯, ಸೋಮವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಬರಬೇಡ ಅಂದಿದ್ದೆ. ಬಂದಿದ್ದೇನೆ. ನಿಮ್ಮ ಕಚೇರಿಯ ಎದುರು, ರಸ್ತೆಯ ಈಚೆ, ಬಸ್ಸಿಗೆ ಕಾಯುವವರ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಗದವನ್ನು ಬಾಗಿಲ ಕಾವಲಿನವರ ಕೈಗೆ ಕೊಟ್ಟು ಮಹಡಿಗೆ ಕಳಿಸುತ್ತೇನೆ. ನಾನೇ ಮೇಲೆ ಬರಬಹುದಿತ್ತು. ಬಂದರೆ ನೀನು ನಗುತ್ತಾ ಎದ್ದು ನಿಂತು, ಕುರ್ಚಿ ತೋರಿಸಿ, ಏನೂ ಆಗಿಲ್ಲದವನ ಹಾಗೆ ನಡೆದು ತೋರಿಸುತ್ತೀಯ. ಆ ದಣಿವು ನಿನಗೆ ಬೇಡ.

ಹೊರಡುವಾಗ ನಿನ್ನ ಭಾವ ನನ್ನ ಚೀಲಕ್ಕೆ ಬೀಗ ಹಾಕಿಕೊಟ್ಟು, ನೀನು ಬರೋವರೆಗೂ ನಾನು ಬದುಕಿರ್ತೀನಿ, ಗಡಿಬಿಡಿ ಮಾಡ್ಕೋಬೇಡ ಅಂದರು. ನಾದಿನಿ ಬಸ್ಸಿನವರೆಗೂ ಬಂದಳು. ನಿನಗೆ ಕೊಡು ಅಂತ ಒಂದು ಹೊದಿಕೆ ಕೊಟ್ಟಿದ್ದಾಳೆ, ಅಂಚಿನಲ್ಲಿ ಹೊಲಿಗೆ ಬಿಟ್ಟಿದೆ, ಬೆರಳಿಗೆ ಸಿಕ್ಕರೆ ಬೈಯಬೇಡ.

ಬೆಳಿಗ್ಗೆ ನೇರ ಆಸ್ಪತ್ರೆಗೆ ಹೋಗಿದ್ದೆ. ನಿನ್ನ ಡಾಕ್ಟರು ಒಳ್ಳೆಯವರು. ಆದರೂ ಅಕ್ಕ ಅಂತ ಗೊತ್ತಾದ ಕೂಡಲೇ ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸಲು ಶುರುಮಾಡಿದರು. ನಾನು ಹೇಳಿದೆ:

"ನೇರವಾಗಿ ಹೇಳಿ ಡಾಕ್ಟ್ರೇ. ನನಗೆ ದಿನಾ ಕೇಳಿ ಅಭ್ಯಾಸ ಇದೆ."

ಅವರು ಪೆನ್ನು ಬಿಟ್ಟು ಹೇಳಿದರು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಆಪರೇಷನ್ ಮಾಡದಿದ್ದರೆ ಬಲಗಣ್ಣು ಉಳಿಯುವುದಿಲ್ಲ, ಅದರಲ್ಲಿ ಅನುಮಾನವಿಲ್ಲ. ಮಾಡಿದರೆ ಈಗಿನಷ್ಟಾದರೂ ಉಳಿಯಬಹುದು, ಒಂದಿಷ್ಟು ಹೆಚ್ಚೂ ಸಿಗಬಹುದು. ಸಿಗದೆಯೂ ಹೋಗಬಹುದು. ಪುಸ್ತಕದ ಅಕ್ಷರ ಮತ್ತೆ ಕಾಣುತ್ತದೆ ಅಂತ ಅವರು ಹೇಳಲಿಲ್ಲ. ನಾನು ಕೇಳಿದೆ, ಆದರೂ ಹೇಳಲಿಲ್ಲ.

ಸರಿಹೋಗುತ್ತದೆ ಅಂತ ನಾನೂ ಹೇಳುವುದಿಲ್ಲ. ಇವತ್ತು ಉಪವಾಸ ಅಂತಲ್ಲ, ನಾಳೆಯೂ ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ದೇವರನ್ನು ಕೇಳಿಕೊಂಡಿದ್ದೇನೆ, ಕೇಳಿಕೊಂಡ ಮಾತ್ರಕ್ಕೆ ಕೊಡಲೇಬೇಕು ಅಂತ ಅವನ ಮೇಲೆ ಜುಲುಮೆ ಮಾಡುವವಳಲ್ಲ.

ನಿನಗೆ ಭಯ ಅಂದೆ. ನನಗೂ ಭಯ. ನೀನೇ ಸಹಿ ಹಾಕಿ ಹೋದರೆ ಯಾರಿಗೆ ಹೇಳಲಿ ಅಂದೆ. ನನಗೆ ಹೇಳು. ಬೈಯಬೇಕೆನಿಸಿದರೆ ನನ್ನನ್ನೇ ಬೈ. ನೀನೇ ಬಂದು ಮಾಡಿಸಿದ್ದು ಅಂತ ಸಾಯುವವರೆಗೂ ಅನ್ನು, ನಾನು ಎದ್ದು ಹೋಗುವುದಿಲ್ಲ.

ಸ ಸಂಪುಟದ ವಿಷಯ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ನಿನ್ನ ಹಳೆಯ ಗ್ರಂಥಗಳ ಮಾತು ನನ್ನ ನಾಲಿಗೆಗೆ ತಿರುಗುತ್ತದೋ ಇಲ್ಲವೋ. ತಮ್ಮ ಓದಲಿ ಅಂತ ಆಗ ಸುಮ್ಮನಿರುತ್ತಿದ್ದೆ, ನೀನು ಎದೆಯುಬ್ಬಿಸಿ ಓದುವುದನ್ನು ನೋಡುವುದು ಚೆಂದವಿತ್ತು. ಈಗ ನಾನು ಓದುತ್ತೇನೆ. ನಿಧಾನವಾಗಿ ಓದುತ್ತೇನೆ, ತಪ್ಪಿದಲ್ಲಿ ನೀನು ಗದರು. ಮೇಡಂ ಒಂದಷ್ಟು ದಿನ ರಜೆ ಕೊಟ್ಟಿದ್ದಾರೆ.

ಹಾಸಿಗೆಯನ್ನು ಇವತ್ತು ಸಂಜೆಯವರೆಗೆ ಇಟ್ಟುಕೊಂಡಿರುತ್ತಾರೆ. ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ಆಸ್ಪತ್ರೆಯವರದು ತಪ್ಪಲ್ಲ, ಕಾಯುತ್ತಿರುವವರಿಗೂ ಕಣ್ಣಿದೆ, ಮನೆಯವರಿದ್ದಾರೆ. ಒಲ್ಲೆ ಅಂದರೆ ಒಲ್ಲೆ ಅನ್ನು. ಅದನ್ನು ಕೇಳಿಯೂ ನಾನು ಇಲ್ಲೇ ಇರುತ್ತೇನೆ. ಏನೂ ಹೇಳದೆ ಸಂಜೆ ಮಾಡಬೇಡ, ಅಷ್ಟೇ.

ಇದನ್ನು ಓದಿ ಹೇಳುತ್ತಿರುವ ತಾಯೀ, ನಿಮ್ಮಲ್ಲಿ ಒಂದು ಬೇಡಿಕೆ. ನನಗೆ ಬರಬೇಕಾದ ಉತ್ತರವನ್ನು ಟೈಪ್ ಮಾಡಬೇಡಿ, ಅಂಚೆಗೂ ಹಾಕಬೇಡಿ. ನೀವೇ ತಂದುಕೊಡಿ. ಒಲ್ಲೆ ಅನ್ನುವುದಾದರೆ ನೀವೊಬ್ಬರೇ ಬಂದು ಹೇಳಿ, ಸಾಕು. ಹೂಂ ಅನ್ನುವುದಾದರೆ ಉತ್ತರಕ್ಕೆ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲ. ಕೈ ಹಿಡಿದು ಇಳಿಸಿಕೊಂಡು ಬನ್ನಿ.